ಎಚ್‌ಐವಿ: ಯಾವಾಗ ಏನ್ ಮಾಡ್ಬೇಕು, ರಿಪೋರ್ಟ್ ಹೇಗೆ ಓದ್ಬೇಕು

ಎಚ್‌ಐವಿ ಬಗ್ಗೆ ಯಾರಾದ್ರೂ ಗಾಬರಿಯಾಗಿ ಕೇಳಿದ್ರೆ ನಾನು ಮೊದ್ಲು ತಿರುಗಿ ಕೇಳೋದು "ಯಾವಾಗ ಆಗಿದ್ದು?" ಅಂತ. ಏನಾಯ್ತು, ಯಾರ ಜೊತೆ, ಯಾಕೆ ಅನ್ನೋದೆಲ್ಲ ಆಮೇಲೆ, ಎಷ್ಟೋ ಸಲ ಬೇಕೇ ಆಗಲ್ಲ. ಯಾಕಂದ್ರೆ ಜನ ಈ ವಿಷ್ಯದಲ್ಲಿ ಎಡವೋದು ಹೆಚ್ಚಾಗಿ ಟೈಮ್ ಲೆಕ್ಕದಲ್ಲೇ. ಮೂರು ದಿನದೊಳಗೆ ಆಸ್ಪತ್ರೆಗೆ ಓಡ್ಬೇಕಾದೋರು ಮೂರು ವಾರ ಫೋನಲ್ಲಿ ಹುಡುಕ್ತಾ ಕೂತಿರ್ತಾರೆ, ಆರು ವಾರ ಕಾಯ್ಬೇಕಾದೋರು ಮಾರನೇ ದಿನವೇ ಟೆಸ್ಟ್ ಮಾಡ್ಸಿ ನೆಗೆಟಿವ್ ಬಂತು ಅಂತ ನಿರಾಳ ಆಗ್ಬಿಡ್ತಾರೆ, ಬದುಕಿಡೀ ತಗೋಬೇಕಾದ ಮಾತ್ರೆನ ಆರು ತಿಂಗಳಾದ್ಮೇಲೆ "ಈಗ ಹುಷಾರಾಗಿದೀನಲ್ಲ" ಅಂತ ನಿಲ್ಲಿಸಿಬಿಡ್ತಾರೆ. ಅದಕ್ಕೇ ಇದನ್ನ ಟೈಮ್ ಪ್ರಕಾರನೇ ಬರೀತಿದೀನಿ, ನೀವು ಎಲ್ಲಿದೀರೋ ಅಲ್ಲಿಂದ ಓದ್ಕೊಳ್ಳಿ.

ಇನ್ನೂ ಮೂರು ದಿನ ದಾಟಿಲ್ಲ ಅಂದ್ರೆ

ಕಾಂಡೋಮ್ ಹರಿದೋಗಿರ್ಬಹುದು, ಹಾಕ್ಕೊಂಡೇ ಇರ್ಲಿಲ್ಲದಿರ್ಬಹುದು, ಬೇರೆಯೋರು ಬಳಸಿದ ಸಿರಿಂಜ್ ಬಳಸಿರ್ಬಹುದು, ವಾರ್ಡಲ್ಲಿ ಕೆಲಸ ಮಾಡ್ತಾ ರಕ್ತದ ಸೂಜಿ ಕೈಗೆ ಚುಚ್ಚಿರ್ಬಹುದು, ಯಾರಾದ್ರೂ ಬಲಾತ್ಕಾರ ಮಾಡಿರ್ಬಹುದು. ಯಾವುದೇ ಆಗಿರ್ಲಿ, 72 ಗಂಟೆ ಒಳಗಿದೀರ ಅಂದ್ರೆ ಪೆಪ್ ಅನ್ನೋ ಔಷಧಿ ಕೋರ್ಸ್ ಇದೆ, 28 ದಿನ ತಪ್ಪದೇ ತಗೋಬೇಕು. 72 ಗಂಟೆ ಅನ್ನೋದು ಕೊನೇ ಗಡುವು ಅಷ್ಟೇ, ಎರಡನೇ ಗಂಟೆಲಿ ಶುರು ಮಾಡೋದು ಎಪ್ಪತ್ತನೇ ಗಂಟೆಲಿ ಶುರು ಮಾಡೋದಕ್ಕಿಂತ ಎಷ್ಟೋ ವಾಸಿ. ವೈರಸ್ ಒಳಗೆ ಹೊಕ್ಕಿದ ತಕ್ಷಣ ಮೈಪೂರ್ತಿ ಹರಡಲ್ಲ, ಮೊದ್ಲು ಹೊಕ್ಕ ಜಾಗದ ಸುತ್ತಮುತ್ತಲಿನ ಜೀವಕೋಶಗಳಲ್ಲಿ ಬೆಳೆದು ಆಮೇಲೆ ದುಗ್ಧಗ್ರಂಥಿಗಳಿಗೆ ಹೋಗಿ ಅಲ್ಲಿಂದ ರಕ್ತಕ್ಕೆ ಇಳಿಯತ್ತೆ, ಆ ಮಧ್ಯದ ಅವಧಿಲೇ ಅದನ್ನ ತಡೆಯೋದು ಪೆಪ್ ಕೆಲಸ. ಅವಧಿ ಮುಗಿದ್ಮೇಲೆ ಪೆಪ್ ಕೊಟ್ಟು ಪ್ರಯೋಜನ ಇಲ್ಲ.

ರಾತ್ರಿ ಆಗಿದೆ, ಭಾನುವಾರ ಅಂತ ಕಾಯ್ಬೇಡಿ, ಎಮರ್ಜೆನ್ಸಿ ವಿಭಾಗಕ್ಕೆ ಹೋಗಿ. ಕೌಂಟರಲ್ಲಿ ಪೂರ್ತಿ ಕತೆ ಹೇಳೋ ಅಗತ್ಯ ಇಲ್ಲ, "ಎಚ್‌ಐವಿ ಎಕ್ಸ್‌ಪೋಷರ್ ಆಗಿದೆ, ಇಷ್ಟು ಗಂಟೆ ಆಯ್ತು, ಪೆಪ್ ಬೇಕು" ಅಂತ ಒಂದೇ ಮಾತು ಸಾಕು. ಸೂಜಿ ಚುಚ್ಚಿದ್ರೆ ಸೋಪು ನೀರಲ್ಲಿ ತೊಳೀರಿ, ಹಿಂಡಿ ರಕ್ತ ತೆಗೆಯೋಕೆ ಹೋಗ್ಬೇಡಿ, ಆಸಿಡ್ಡು ಬ್ಲೀಚು ಅಂತೂ ಹಚ್ಚಲೇಬೇಡಿ. ಅವರು ಮೊದ್ಲು ಒಂದು ಎಚ್‌ಐವಿ ಟೆಸ್ಟ್ ಮಾಡ್ತಾರೆ, ನಿಮಗೆ ಮೊದಲಿಂದ್ಲೇ ಸೋಂಕು ಇದೆಯಾ ಅಂತ ಗೊತ್ತಾಗ್ಲಿ ಅಂತ, ಆದ್ರೆ ಬೇರೆ ರಿಪೋರ್ಟ್ ಎಲ್ಲ ಬರೋವರೆಗೂ ಮೊದಲ ಡೋಸ್ ತಡ ಮಾಡ್ಬಾರದು. ಜೊತೆಗೆ ಹೆಪಟೈಟಿಸ್ ಬಿ ವ್ಯಾಕ್ಸಿನ್ ಬಗ್ಗೆನೂ, ಗರ್ಭ ನಿಲ್ಲೋ ಸಾಧ್ಯತೆ ಇದ್ರೆ ತುರ್ತು ಗರ್ಭನಿರೋಧಕದ ಬಗ್ಗೆನೂ ಅವತ್ತೇ ಕೇಳಿ, ಅದಕ್ಕೂ ಗಡುವು ಇದೆ.

ಅಂದಹಾಗೆ ಗಾಬರಿಗೆ ಒಂದು ಅಂಕಿ ಹೇಳ್ತೀನಿ. ಎಚ್‌ಐವಿ ಇರೋರ ರಕ್ತದ ಸೂಜಿ ಚುಚ್ಚಿದ್ರೂ, ಪೆಪ್ ಏನೂ ತಗೊಳ್ದೇ ಇದ್ರೂ, ಸೋಂಕು ತಗಲೋ ಸಾಧ್ಯತೆ ಸುಮಾರು 0.3%, ಅಂದ್ರೆ ಸಾವಿರಕ್ಕೆ ಮೂರು. ಪೆಪ್ ತಗೊಂಡ್ರೆ ಇನ್ನೂ ಬಹಳ ಕಮ್ಮಿ. ಓಡಬೇಕು ನಿಜ, ಜೀವ ಹೋದಂಗೆ ಆಡೋದು ಬೇಡ.

ಹೇಗೆ ಬರತ್ತೆ ಅನ್ನೋದನ್ನ ಬೇಗ ಮುಗಿಸ್ತೀನಿ. ರಕ್ತ, ವೀರ್ಯ, ವೀರ್ಯಕ್ಕೆ ಮುಂಚೆ ಬರೋ ದ್ರವ, ಯೋನಿ ದ್ರವ, ಗುದದ್ವಾರದ ದ್ರವ, ಎದೆಹಾಲು, ಇಷ್ಟರಿಂದ ಮಾತ್ರ. ಎಂಜಲು, ಬೆವರು, ಕಣ್ಣೀರಿಂದ ಬರಲ್ಲ, ಅಪ್ಪಿಕೊಂಡ್ರೆ, ಒಂದೇ ತಟ್ಟೇಲಿ ಉಂಡ್ರೆ, ಒಂದೇ ಟಾಯ್ಲೆಟ್ ಬಳಸಿದ್ರೆ ಬರಲ್ಲ. ಸೊಳ್ಳೆಯಿಂದಲೂ ಬರಲ್ಲ, ಈ ವೈರಸ್ ಸೊಳ್ಳೆ ದೇಹದಲ್ಲಿ ಬೆಳೆಯೋದೇ ಇಲ್ಲ, ಸೊಳ್ಳೆ ಕಚ್ಚುವಾಗ ಒಳಗೆ ಬಿಡೋದು ತನ್ನ ಜೊಲ್ಲು, ಹಿಂದೆ ಕಚ್ಚಿದೋರ ರಕ್ತನಲ್ಲ. ಸೊಳ್ಳೆಗೆ ಹೆದರೋರಲ್ಲಿ ಕಾಲು ಭಾಗ ಜನ ಕಾಂಡೋಮ್ ಇಲ್ದೇ ಇರೋದಕ್ಕೆ ಹೆದರಿದ್ರೂ ಸಾಕಿತ್ತು ಅನ್ಸತ್ತೆ ನಂಗೆ.

ಮೂರು ದಿನ ದಾಟಿಹೋಗಿದೆ, ಈಗ ಟೆಸ್ಟ್

ವಿಂಡೋ ಪೀರಿಯಡ್ ಅನ್ನೋ ಮಾತು ಕೇಳಿರ್ತೀರ. ವೈರಸ್ ಒಳಗೆ ಬಂದ ದಿನದಿಂದ ಟೆಸ್ಟಲ್ಲಿ ಸಿಗೋ ದಿನದವರೆಗಿನ ಅಂತರ ಅದು, ಮತ್ತೆ ಆ ಅಂತರ ಯಾವ ಟೆಸ್ಟ್ ಅನ್ನೋದರ ಮೇಲೆ ಬದಲಾಗತ್ತೆ. ವೈರಸ್ಸಿನ ಆರ್‌ಎನ್‌ಎ, ಅಂದ್ರೆ ಅದರ ವಂಶವಾಹಿನೇ ಹುಡುಕೋ ಟೆಸ್ಟ್ ಆದ್ರೆ 10ರಿಂದ 33 ದಿನ. ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಲ್ಲಿ ಮಾಡೋ ನಾಲ್ಕನೇ ತಲೆಮಾರಿನ ಟೆಸ್ಟು, ಅಂದ್ರೆ ವೈರಸ್ಸಿನ ಪಿ24 ಅನ್ನೋ ಪ್ರೋಟೀನನ್ನೂ ಅದರ ವಿರುದ್ಧ ನಮ್ಮ ದೇಹ ಮಾಡೋ ಆಂಟಿಬಾಡಿನೂ ಎರಡನ್ನೂ ಹುಡುಕೋದು, ಅದಕ್ಕೆ 18ರಿಂದ 45 ದಿನ. ಬರೀ ಆಂಟಿಬಾಡಿ ನೋಡೋ ರ‍್ಯಾಪಿಡ್ ಕಿಟ್ ಮತ್ತೆ ಮನೇಲಿ ಮಾಡ್ಕೊಳೋ ಕಿಟ್‌ಗಳಿಗೆ 23ರಿಂದ 90 ದಿನ. ಹಾಗಾಗಿ ಯಾರಾದ್ರೂ "ನಾಲ್ಕು ವಾರಕ್ಕೆ ನೆಗೆಟಿವ್, ಸಾಕಾ" ಅಂತ ಕೇಳಿದ್ರೆ ಉತ್ತರ "ಯಾವ ಟೆಸ್ಟು" ಅನ್ನೋದು. ರಿಪೋರ್ಟಲ್ಲಿ ಮೆಥಡ್ ಅಂತ ಒಂದು ಸಾಲು ಇರತ್ತೆ, ಅದನ್ನ ನೋಡಿ. ಲ್ಯಾಬಿನ ನಾಲ್ಕನೇ ತಲೆಮಾರಿನ ಟೆಸ್ಟ್ 45 ದಿನಕ್ಕೆ ನೆಗೆಟಿವ್ ಬಂದು, ಮಧ್ಯೆ ಮತ್ತೆ ಏನೂ ಆಗಿಲ್ಲ, ಪೆಪ್ ಕೂಡ ತಗೊಂಡಿಲ್ಲ ಅಂದ್ರೆ ಅಲ್ಲಿಗೆ ಮುಗೀತು, ಪ್ರತಿ ತಿಂಗಳೂ ಟೆಸ್ಟ್ ಮಾಡ್ಸ್ತಾ ಕೂರ್ಬೇಡಿ. ಪೆಪ್ ತಗೊಂಡಿದ್ರೆ ಕೋರ್ಸ್ ಮುಗಿದ್ಮೇಲೆ ಒಂದು ಸಲ, 3 ತಿಂಗಳಿಗೆ ಇನ್ನೊಂದು ಸಲ.

ರೋಗಲಕ್ಷಣ ನೋಡಿ ತೀರ್ಮಾನ ಮಾಡೋದಂತೂ ಬಿಟ್ಬಿಡಿ. ಸೋಂಕಾದ 2ರಿಂದ 4 ವಾರಕ್ಕೆ ಜ್ವರ, ಗಂಟಲು ನೋವು, ಮೈಮೇಲೆ ಗುಳ್ಳೆ, ಗ್ರಂಥಿ ಊತ ಕೆಲವರಿಗೆ ಬರತ್ತೆ, ಕೆಲವರಿಗೆ ಏನೂ ಬರಲ್ಲ, ಮತ್ತೆ ಇದೇ ಲಕ್ಷಣ ಮಾಮೂಲಿ ವೈರಲ್ ಜ್ವರಕ್ಕೂ ಇರತ್ತೆ. ಚಿಕಿತ್ಸೆ ಇಲ್ದಿದ್ರೂ ಆಮೇಲೆ ಎಂಟು ಹತ್ತು ವರ್ಷ ಏನೂ ಗೊತ್ತಾಗದೇ ಇರ್ಬಹುದು, ಆದ್ರೆ ಆ ಅವಧಿಲೂ ಇನ್ನೊಬ್ಬರಿಗೆ ಹರಡತ್ತೆ.

ರ‍್ಯಾಪಿಡ್ ಕಿಟ್ ಹೇಗಿರತ್ತೆ ಅಂತ ಹೇಳ್ಬಿಡ್ತೀನಿ, ಮೊದಲ ಸಲ ನೋಡೋರು ಗೆರೆ ನೋಡಿ ಹೆದರ್ತಾರೆ. ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತ ಆ ಪುಟ್ಟ ಗುಂಡಿಗೆ ಬಿಡ್ತಾರೆ, ಅದರ ಮೇಲೆ ಬಫರ್ ಅನ್ನೋ ದ್ರಾವಣ ಹಾಕ್ತಾರೆ, ಅದು ಪಟ್ಟಿ ಉದ್ದಕ್ಕೂ ನಿಧಾನಕ್ಕೆ ಹರಿಯತ್ತೆ. ಸಿ ಅಂತ ಬರೆದಿರೋ ಕಡೆ ಗೆರೆ ಬಂದ್ರೆ ಕಿಟ್ ಸರಿ ಇದೆ ಅಂತ ಅರ್ಥ, ಅದು ಬರ್ಲೇಬೇಕು. ಬರ್ಲಿಲ್ಲ ಅಂದ್ರೆ ಆ ಟೆಸ್ಟ್ ಲೆಕ್ಕಕ್ಕಿಲ್ಲ. ಟಿ ಕಡೆ ಅಥವಾ 1, 2 ಅಂತ ಇರೋ ಕಡೆ ಗೆರೆ ಬಂದ್ರೆ ರಿಯಾಕ್ಟಿವ್, ಎಷ್ಟು ಮಸುಕಾಗಿದ್ರೂ ಗೆರೆ ಗೆರೆನೇ. ಕಿಟ್ ಮೇಲೆ ಹೇಳಿರೋ ನಿಮಿಷಕ್ಕೇ ಓದ್ಬೇಕು, ರಾತ್ರಿಯೆಲ್ಲ ಟೇಬಲ್ ಮೇಲಿಟ್ಟು ಬೆಳಿಗ್ಗೆ ನೋಡಿದ್ರೆ ಅದಕ್ಕೆ ಬೆಲೆ ಇಲ್ಲ.

ರಿಯಾಕ್ಟಿವ್ ಅಂದ ಮಾತ್ರಕ್ಕೆ ಪಾಸಿಟಿವ್ ಅಂತ ಆಗೋಗ್ಲಿಲ್ಲ. ಬೇರೆ ಬೇರೆ ಟೆಸ್ಟಲ್ಲಿ ಅದನ್ನ ಖಚಿತ ಮಾಡ್ಕೋಬೇಕು, ಸತತ ಮೂರು ಟೆಸ್ಟ್ ರಿಯಾಕ್ಟಿವ್ ಬಂದ್ಮೇಲೆ ಪಾಸಿಟಿವ್ ಅನ್ನಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಿಂದ ಹೇಳ್ತಿದೆ. ಇನ್ನೊಂದು, ಈಗಾಗ್ಲೇ ಮಾತ್ರೆ ತಗೋತಿರೋರು "ಹೋಯ್ತಾ ನೋಡೋಣ" ಅಂತ ಮನೇಲಿ ಕಿಟ್ ಹಾಕ್ಕೋಬೇಡಿ, ಔಷಧಿ ಮೇಲಿದ್ದಾಗ ಅದು ಸುಳ್ಳು ನೆಗೆಟಿವ್ ತೋರಿಸ್ಬಹುದು, ಅದನ್ನ ನಂಬಿ ಮಾತ್ರೆ ಬಿಟ್ರೆ ಕಷ್ಟ.

ಪಾಸಿಟಿವ್ ಅಂತ ಖಚಿತ ಆದ್ಮೇಲೆ

ಮೊದಲ ದಿನ ಯಾರಿಗೂ ಏನೂ ತಲೆಗೆ ಹೋಗಲ್ಲ, ಹಾಗಾಗಿ ಒಂದೇ ವಿಷ್ಯ ನೆನಪಿಟ್ಕೊಳ್ಳಿ: ಎಆರ್‌ಟಿ, ಅಂದ್ರೆ ವೈರಸ್ ಅದುಮಿಡೋ ಮಾತ್ರೆಗಳ ಚಿಕಿತ್ಸೆ, ಬೇಗ ಶುರು ಮಾಡೋದು, ಸಾಧ್ಯ ಆದ್ರೆ ಅವತ್ತೇ. ಮುಂಚೆ ಸಿಡಿ4, ಅಂದ್ರೆ ರೋಗ ತಡೆಯೋ ಬಿಳಿ ರಕ್ತಕಣಗಳ ಲೆಕ್ಕ, ಇಷ್ಟಕ್ಕೆ ಇಳಿಯೋವರೆಗೂ ಕಾಯಿರಿ ಅಂತಿದ್ರು, 2015ರಿಂದ ಆ ಲೆಕ್ಕ ಹೋಯ್ತು, ಸಿಡಿ4 ಎಷ್ಟೇ ಇದ್ರೂ ಎಲ್ಲರಿಗೂ ಚಿಕಿತ್ಸೆ. ತಡ ಮಾಡೋಕೆ ಇರೋ ಮುಖ್ಯ ಕಾರಣ ಟಿಬಿ ಅಥವಾ ಮೆದುಳಿನ ಸೋಂಕಿನ ಗುಮಾನಿ. ಕೆಮ್ಮು, ರಾತ್ರಿ ಬೆವರು, ತೂಕ ಇಳಿತ, ಬಿಡದ ತಲೆನೋವು ಇದ್ರೆ ಬಾಯ್ಬಿಟ್ಟು ಹೇಳಿ. ಅದನ್ನ ಮೊದ್ಲು ನೋಡ್ದೇ ಎಆರ್‌ಟಿ ಕೊಟ್ರೆ, ಚೇತರಿಸ್ಕೊಳ್ತಿರೋ ರೋಗನಿರೋಧಕ ಶಕ್ತಿ ಒಳಗಿರೋ ಸೋಂಕಿನ ಮೇಲೆ ಒಂದೇ ಸಲ ಎರಗಿ ಪರಿಸ್ಥಿತಿ ಬಿಗಡಾಯಿಸ್ಬಹುದು.

ಒಳಗೆ ಏನ್ ನಡೀತಿದೆ ಅಂತ ಗೊತ್ತಿದ್ರೆ ಮಾತ್ರೆ ಯಾಕೆ ಬಿಡ್ಬಾರ್ದು ಅನ್ನೋದು ತಾನಾಗೇ ಅರ್ಥ ಆಗತ್ತೆ. ಈ ವೈರಸ್ ಸಿಡಿ4 ಅನ್ನೋ ಬಿಳಿ ರಕ್ತಕಣಕ್ಕೆ ಹೊಕ್ಕು, ತನ್ನ ಆರ್‌ಎನ್‌ಎನ ಡಿಎನ್‌ಎ ಆಗಿ ಬದಲಾಯಿಸಿ, ಅದನ್ನ ನಮ್ಮದೇ ಡಿಎನ್‌ಎ ಒಳಗೆ ಸೇರಿಸಿಬಿಡತ್ತೆ, ಆಮೇಲೆ ಆ ಕಣನೇ ಹೊಸ ವೈರಸ್ ತಯಾರಿಸತ್ತೆ. ಈಗ ಬಹಳ ಕಡೆ ಮೊದಲಿಗೆ ಕೊಡೋ ಟಿಎಲ್‌ಡಿ ಮಾತ್ರೇಲಿ ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಅಂತ ಮೂರು ಔಷಧಿ ಒಟ್ಟಿಗೆ ಇರತ್ತೆ, ಮೊದಲೆರಡು ಆರ್‌ಎನ್‌ಎ ಡಿಎನ್‌ಎ ಆಗೋದನ್ನ ತಡೆಯತ್ತೆ, ಮೂರನೇದು ಆ ಡಿಎನ್‌ಎ ನಮ್ಮದರೊಳಗೆ ಸೇರೋದನ್ನ ತಡೆಯತ್ತೆ. ಆದ್ರೆ ಅಷ್ಟರಲ್ಲಾಗ್ಲೇ ಸೇರಿಹೋಗಿರೋದನ್ನ ಯಾವ ಮಾತ್ರೆನೂ ಹೊರಗೆ ತೆಗೆಯಲ್ಲ. ಅಂಥ ಕೆಲವು ಕಣಗಳು ವರ್ಷಗಟ್ಟಲೆ ಸುಮ್ನೆ ಮಲಗಿರತ್ತೆ, ಮಾತ್ರೆ ನಿಲ್ಸಿದ್ರೆ ಸಾಮಾನ್ಯವಾಗಿ ಕೆಲವೇ ವಾರದಲ್ಲಿ ವೈರಸ್ ಮತ್ತೆ ರಕ್ತಕ್ಕೆ ಬರತ್ತೆ.

ಹಾಗಾದ್ರೆ ಪೂರ್ತಿ ಗುಣ ಆದೋರು ಯಾರೂ ಇಲ್ವಾ ಅಂದ್ರೆ, ಬೆರಳೆಣಿಕೆಯಷ್ಟು ಜನ ಇದ್ದಾರೆ. ಮೊದಲನೆಯವರು ಟಿಮೊಥಿ ರೇ ಬ್ರೌನ್, ಅವರಿಗೆ ರಕ್ತದ ಕ್ಯಾನ್ಸರ್ ಇತ್ತು, ಅದಕ್ಕೆ ಬರ್ಲಿನ್ನಲ್ಲಿ ಆಕರಕೋಶಗಳ ಕಸಿ ಮಾಡಿದ್ರು, ಕೊಟ್ಟೋರ ಜೀವಕೋಶದಲ್ಲಿ ಎಚ್‌ಐವಿ ಹೊಕ್ಕೋಕೆ ಬೇಕಾದ ಸಿಸಿಆರ್5 ಅನ್ನೋ ಬಾಗಿಲೇ ಇರ್ಲಿಲ್ಲ. ಅಂಥ ಕಸಿಲಿ ಜೀವಕ್ಕೇ ಅಪಾಯ, ಕ್ಯಾನ್ಸರ್ ಇಲ್ಲದೋರಿಗೆ ಮಾಡೋ ಹಾಗಿಲ್ಲ. ಹಾಗಿದ್ಮೇಲೆ ಪುಡಿ, ಕಷಾಯ ಕೊಟ್ಟು ವೈರಸ್ ಪೂರ್ತಿ ತೆಗೀತೀವಿ ಅನ್ನೋರ ಹತ್ರ ಯಾಕೆ ಹೋಗ್ತೀರ ಹೇಳಿ.

ದಿನದ ಮಾತ್ರೆ

ಟಿಎಲ್‌ಡಿ ದಿನಕ್ಕೆ ಒಂದೇ ಮಾತ್ರೆ, ಊಟದ ಜೊತೆನೂ ತಗೋಬಹುದು ಖಾಲಿ ಹೊಟ್ಟೇಲೂ ತಗೋಬಹುದು. ಹಗಲು ರಾತ್ರಿ ಯಾವಾಗ್ಲಾದ್ರೂ ಸರಿ, ಆದ್ರೆ ದಿನಾ ಅದೇ ಹೊತ್ತು. ನಿದ್ದೆ ಬರ್ತಿಲ್ಲ, ವಿಚಿತ್ರ ಕನಸು ಬೀಳ್ತಿದೆ ಅಂದ್ರೆ ಡಾಕ್ಟರಿಗೆ ಹೇಳಿ ಬೆಳಿಗ್ಗೆಗೆ ಬದಲಾಯಿಸ್ಕೊಳ್ಳಿ, ಬಹಳ ಜನಕ್ಕೆ ಅಷ್ಟಕ್ಕೇ ಸರಿಹೋಗತ್ತೆ. ಮೊದಲ ವಾರಗಳಲ್ಲಿ ತಲೆನೋವು, ವಾಕರಿಕೆ ಇರ್ಬಹುದು, ತೂಕ ಏರ್ಬಹುದು, ಟೆನೊಫೊವಿರ್ ಇರೋದ್ರಿಂದ ಕಿಡ್ನಿ ಟೆಸ್ಟ್ ಆಗಾಗ ಮಾಡ್ತಾರೆ. ಮರೆತ್ರೆ ನೆನಪಾದ ತಕ್ಷಣ ತಗೊಳ್ಳಿ, ಮುಂದಿನ ಡೋಸಿಗೆ ಸ್ವಲ್ಪ ಹೊತ್ತು ಮಾತ್ರ ಉಳಿದಿದ್ರೆ ಅದನ್ನೇ ತಗೊಳ್ಳಿ, ಎರಡು ಒಟ್ಟಿಗೆ ನುಂಗ್ಬೇಡಿ. ಒಂದು ದಿನ ಮರೆತಿದ್ದಕ್ಕೆ ಪ್ರಪಂಚ ಮುಳುಗಲ್ಲ. ಅಪಾಯ ಇರೋದು ಎರಡು ದಿನ ತಗೊಂಡು ಮೂರು ದಿನ ಬಿಡೋದ್ರಲ್ಲಿ, ರಕ್ತದಲ್ಲಿ ಔಷಧಿ ಅರೆಬರೆ ಇದ್ದಾಗ ಅದಕ್ಕೆ ಬಗ್ಗದ ವೈರಸ್ ಆರಿಸಿಕೊಂಡು ಬೆಳೆಯತ್ತೆ, ಅದನ್ನೇ ರೆಸಿಸ್ಟೆನ್ಸ್ ಅನ್ನೋದು, ಆಮೇಲೆ ಆ ಔಷಧಿ ನಿಮಗೆ ಉಪಯೋಗಕ್ಕೆ ಬರಲ್ಲ.

ಯಾರೂ ಹೇಳದೇ ಬಿಟ್ಟುಬಿಡೋ ವಿಷ್ಯ ಒಂದಿದೆ, ಗ್ಯಾಸಿಗೆ ಕುಡಿಯೋ ಆಂಟಾಸಿಡ್. ಅದರಲ್ಲಿರೋ ಅಲ್ಯೂಮಿನಿಯಂ, ಮೆಗ್ನೀಸಿಯಂ ಹೊಟ್ಟೇಲೇ ಡೊಲುಟೆಗ್ರಾವಿರ್‌ನ ಹಿಡಿದಿಟ್ಕೊಂಡುಬಿಡತ್ತೆ, ಮಾತ್ರೆ ನುಂಗಿದ್ರೂ ರಕ್ತಕ್ಕೆ ಸರಿಯಾಗಿ ಹೋಗಲ್ಲ. ಆಂಟಾಸಿಡ್ಡಿಗೆ 2 ಗಂಟೆ ಮುಂಚೆ ಇಲ್ಲಾ 6 ಗಂಟೆ ಆದ್ಮೇಲೆ ಎಚ್‌ಐವಿ ಮಾತ್ರೆ ತಗೊಳ್ಳಿ. ಐರನ್, ಕ್ಯಾಲ್ಸಿಯಂ ಮಾತ್ರೆಗೂ ಇದೇ ಅಂತರ, ಆದ್ರೆ ಅವನ್ನ ಊಟದ ಜೊತೆ ಆದ್ರೆ ಒಟ್ಟಿಗೇ ತಗೋಬಹುದು. ಟಿಬಿಗೆ ಕೊಡೋ ರಿಫಾಂಪಿಸಿನ್ ಕೂಡ ಡೊಲುಟೆಗ್ರಾವಿರ್ ಮಟ್ಟ ಇಳಿಸತ್ತೆ, ಅದು ನಡೀತಿದ್ರೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗತ್ತೆ. ಯಾವುದೇ ಡಾಕ್ಟರ್ ಹತ್ರ ಹೋದ್ರೂ, ಹಲ್ಲಿನ ಡಾಕ್ಟರೇ ಆಗ್ಲಿ, ತಗೋತಿರೋ ಔಷಧಿ ಹೆಸರು ಹೇಳಿ.

ಹೆಪಟೈಟಿಸ್ ಬಿ ಕೂಡ ಇರೋರು ಇನ್ನೂ ಹುಷಾರಾಗಿರ್ಬೇಕು, ಟೆನೊಫೊವಿರ್ ಲಾಮಿವುಡಿನ್ ಅದನ್ನೂ ಅದುಮಿಟ್ಟಿರತ್ತೆ, ಥಟ್ಟನೆ ನಿಲ್ಸಿದ್ರೆ ಲಿವರ್ ಕೆರಳತ್ತೆ.

ಎರಡು ಅಂಕಿ: ಸಿಡಿ4 ಮತ್ತೆ ವೈರಲ್ ಲೋಡ್

ಫೈಲಲ್ಲಿ ಎಷ್ಟೇ ಕಾಗದ ಇದ್ರೂ ಇವೆರಡನ್ನ ಓದೋಕೆ ಬಂದ್ರೆ ಸಾಕು. ಸಿಡಿ4 ಅನ್ನೋದು ನಿಮ್ಮ ಕಡೆ ಸೈನ್ಯ ಎಷ್ಟಿದೆ ಅನ್ನೋ ಲೆಕ್ಕ, ಆರೋಗ್ಯವಾಗಿರೋರಲ್ಲಿ ಸುಮಾರು 500ರಿಂದ 1500 ಇರತ್ತೆ, 200ಕ್ಕಿಂತ ಕೆಳಗೆ ಹೋದ್ರೆ ಅಥವಾ ಕೆಲವು ನಿರ್ದಿಷ್ಟ ಸೋಂಕು ಬಂದ್ರೆ ಅದನ್ನ ಏಡ್ಸ್ ಹಂತ ಅಂತಾರೆ. ಎಚ್‌ಐವಿ ಬೇರೆ ಏಡ್ಸ್ ಬೇರೆ, ಟೈಮಿಗೆ ಚಿಕಿತ್ಸೆ ಶುರು ಮಾಡಿದ ಬಹಳ ಜನ ಆ ಹಂತನೇ ನೋಡಲ್ಲ. ಸಿಡಿ4 ನಿಧಾನಕ್ಕೆ ಏರತ್ತೆ, ಜ್ವರ ನೆಗಡಿಗೂ ಏರಿಳಿಯತ್ತೆ, ಹಾಗಾಗಿ 540 ಇದ್ದಿದ್ದು 490 ಆಯ್ತು ಅಂತ ನಿದ್ದೆ ಕೆಡಿಸ್ಕೋಬೇಡಿ.

ವೈರಲ್ ಲೋಡ್ ಅಂದ್ರೆ ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್ಸಿನ ಎಷ್ಟು ಕಾಪಿ ಇದೆ ಅಂತ. ಚಿಕಿತ್ಸೆ ಕೆಲಸ ಮಾಡ್ತಿದೆಯಾ ಅಂತ ಹೇಳೋದು ಇದೇ. 6 ತಿಂಗಳಿಗೆ, 12 ತಿಂಗಳಿಗೆ, ಆಮೇಲೆ ವರ್ಷಕ್ಕೊಂದು ಸಲ ಮಾಡಿಸ್ಬೇಕು, ಅವರಾಗೇ ಹೇಳ್ದಿದ್ರೆ ನೀವೇ ಕೇಳಿ. ರಿಪೋರ್ಟಲ್ಲಿ "ಟಾರ್ಗೆಟ್ ನಾಟ್ ಡಿಟೆಕ್ಟೆಡ್" ಅಂತಲೋ "50ಕ್ಕಿಂತ ಕಮ್ಮಿ" ಅಂತಲೋ ಇದ್ರೆ ಮಾತ್ರೆ ತನ್ನ ಕೆಲಸ ಮಾಡ್ತಿದೆ, ವೈರಸ್ ಹೋಗಿದೆ ಅಂತ ಅಲ್ಲ. 1000 ದಾಟಿದ್ರೆ ಮೊದ್ಲು ಮಾತ್ರೆ ತಪ್ತಿದೆಯಾ ಅಂತ ಕೂತು ಮಾತಾಡ್ತಾರೆ, ಮೂರು ತಿಂಗಳಾದ್ಮೇಲೆ ಮತ್ತೆ ನೋಡ್ತಾರೆ, ಆಗ್ಲೂ ಇಳಿಯದಿದ್ರೆ ಔಷಧಿ ಬದಲಾಯಿಸೋ ಮಾತು. ಆ ಹೊತ್ತಲ್ಲಿ ಬೈಸ್ಕೋತೀನಿ ಅಂತ "ಒಂದೂ ಬಿಟ್ಟಿಲ್ಲ" ಅಂದ್ರೆ ಚೆನ್ನಾಗಿ ಕೆಲಸ ಮಾಡ್ತಿರೋ ಔಷಧಿನೇ ಸುಮ್ಸುಮ್ನೆ ಬದಲಾಗೋ ಸಾಧ್ಯತೆ ಇದೆ.

ಮತ್ತೆ ಎಲ್ಲಕ್ಕಿಂತ ದೊಡ್ಡ ವಿಷ್ಯ: ವೈರಲ್ ಲೋಡ್ ಪತ್ತೆಯಾಗದ ಮಟ್ಟದಲ್ಲೇ ಉಳಿದಿದ್ರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡಲ್ಲ. ಕಮ್ಮಿ ಹರಡತ್ತೆ ಅಂತ ಅಲ್ಲ, ಹರಡೋದೇ ಇಲ್ಲ. ಯುರೋಪಿನ ಪಾರ್ಟ್‌ನರ್ ಅಧ್ಯಯನದಲ್ಲಿ ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳನ್ನ ವರ್ಷಗಟ್ಟಲೆ ಗಮನಿಸಿದ್ರು, 2016ರಲ್ಲೂ 2019ರಲ್ಲೂ ಫಲಿತಾಂಶ ಬಂತು, ಕಾಂಡೋಮ್ ಇಲ್ಲದ ಹತ್ತಾರು ಸಾವಿರ ಸಂಪರ್ಕಗಳಲ್ಲಿ, ಚಿಕಿತ್ಸೆ ಮೇಲಿದ್ದ ಸಂಗಾತಿಯಿಂದ ಹರಡಿದ್ದು ಸೊನ್ನೆ. ಎಷ್ಟೋ ಗಂಡಹೆಂಡ್ತಿ ಇದು ಗೊತ್ತಿಲ್ಲದೇ ವರ್ಷಗಟ್ಟಲೆ ಬೇರೆ ಬೇರೆ ಹಾಸಿಗೆಲಿ ಮಲಗ್ತಾರೆ, ಅದು ಬೇಜಾರಿನ ಸಂಗತಿ. ಮಾತ್ರೆ ಶುರು ಮಾಡಿ ಆ ಮಟ್ಟಕ್ಕೆ ಬರೋಕೆ ಆರು ತಿಂಗಳವರೆಗೂ ಬೇಕಾಗ್ಬಹುದು, ಅಲ್ಲೀವರೆಗೆ ಕಾಂಡೋಮ್ ಇರ್ಲಿ. ಸಿಫಿಲಿಸ್, ಗೊನೊರಿಯಾ ತರದ ಬೇರೆ ಸೋಂಕು ತಡೆಯೋಕೆ ಆಮೇಲೂ ಕಾಂಡೋಮೇ ಬೇಕು. ಎಚ್‌ಐವಿ ಇಲ್ಲದ ಸಂಗಾತಿಗೆ ಪ್ರೆಪ್ ಅನ್ನೋ ಮಾತ್ರೆನೂ ಇದೆ, ಸರಿಯಾಗಿ ತಗೊಂಡ್ರೆ ಲೈಂಗಿಕ ಸಂಪರ್ಕದಿಂದ ಬರೋ ಅಪಾಯ ಸುಮಾರು 99% ಇಳಿಯತ್ತೆ, ವರ್ಷಕ್ಕೆ ಎರಡೇ ಸಲ ಚುಚ್ಚೋ ಲೆನಾಕಾಪಾವಿರ್ ಇಂಜೆಕ್ಷನ್ನಿಗೂ ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಶಿಫಾರಸು ಮಾಡಿದೆ.

ಮಗು ಬೇಕು ಅಂದ್ರೆ

ಆಗತ್ತೆ, ಆರೋಗ್ಯವಾಗೇ ಆಗತ್ತೆ. ಏನೂ ಮಾಡದಿದ್ರೆ ತಾಯಿಯಿಂದ ಮಗುವಿಗೆ ದಾಟೋ ಸಾಧ್ಯತೆ 15ರಿಂದ 45%, ಚಿಕಿತ್ಸೆ ಇದ್ರೆ ಅದು 5%ಕ್ಕಿಂತ ಕೆಳಗೆ, ಗರ್ಭ ನಿಲ್ಲೋಕೆ ಮುಂಚಿಂದ್ಲೇ ವೈರಲ್ ಲೋಡ್ ಹತೋಟಿಲಿದ್ರೆ ಇನ್ನೂ ಬಹಳ ಕಮ್ಮಿ. ಗರ್ಭಿಣಿ ಆದೆ ಅಂತ ಭಯಪಟ್ಟು ಮಾತ್ರೆ ನಿಲ್ಸೋರಿದ್ದಾರೆ, ಅದು ತೀರಾ ಉಲ್ಟಾ ಕೆಲಸ. ಹುಟ್ಟಿದ ಮಗುಗೂ ಕೆಲವು ವಾರ ಔಷಧಿ ಕೊಡ್ತಾರೆ. ಎದೆಹಾಲಿನ ವಿಷ್ಯ ಸ್ವಲ್ಪ ಸೂಕ್ಷ್ಮ, ಚಿಕಿತ್ಸೆ ಮೇಲಿದ್ರೆ ಅಪಾಯ ತೀರಾ ಕಮ್ಮಿ, ಆದ್ರೆ ಲೈಂಗಿಕ ಸಂಪರ್ಕದಲ್ಲಿ ಹೇಳಿದ ಹಾಗೆ ಸೊನ್ನೆ ಅಂತ ಹೇಳೋಕಾಗಲ್ಲ, ಹೆರಿಗೆಗೆ ಮುಂಚೆನೇ ಡಾಕ್ಟರ್ ಹತ್ರ ಕೂತು ತೀರ್ಮಾನ ಮಾಡ್ಕೊಳ್ಳಿ. ಮಗುವಿನ ಟೆಸ್ಟ್ ಬಗ್ಗೆ ಗೊತ್ತಿರ್ಲಿ: ತಾಯಿಯ ಆಂಟಿಬಾಡಿ ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಇರ್ಬಹುದು, ಅದಕ್ಕೆ ಮುಂಚೆ ಮಾಮೂಲಿ ಕಿಟ್ಟಲ್ಲಿ ರಿಯಾಕ್ಟಿವ್ ಬಂದ್ರೆ ಮಗುಗೆ ಸೋಂಕಿದೆ ಅಂತಾಗಲ್ಲ. 4ರಿಂದ 6 ವಾರಕ್ಕೆ ಮಾಡೋ, ವೈರಸ್ಸನ್ನೇ ಹುಡುಕೋ ಪಿಸಿಆರ್ ಟೆಸ್ಟ್ ನೋಡ್ಬೇಕು.

ಮಿಕ್ಕಿದ್ದು

ಎಚ್‌ಐವಿ ಇರೋರ ಸಾವಿಗೆ ಪ್ರಪಂಚದಲ್ಲಿ ಇವತ್ತಿಗೂ ಮುಖ್ಯ ಕಾರಣ ಟಿಬಿ, ಹಾಗಾಗಿ ಪ್ರತಿ ಭೇಟೀಲೂ ಕೆಮ್ಮು ಜ್ವರ ಕೇಳ್ತಾರೆ, ಇಲ್ಲ ಅಂದ್ರೆ ತಡೆಗಟ್ಟೋ ಕೋರ್ಸ್ ಕೊಡ್ತಾರೆ. ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಅಪಾಯ ಬೇರೆಯವರಿಗಿಂತ ಸುಮಾರು ಆರು ಪಟ್ಟು ಹೆಚ್ಚು, 25ನೇ ವಯಸ್ಸಿಂದ ಮೂರರಿಂದ ಐದು ವರ್ಷಕ್ಕೊಂದು ಸಲ ಸ್ಕ್ರೀನಿಂಗ್ ಮಾಡಿಸ್ಲೇಬೇಕು. ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸ್ತಿರಿ, ಸಿಗರೇಟ್ ಬಿಡಿ, ವೈರಸ್ ಹತೋಟಿಲಿರೋರಿಗೆ ಮುಂದೆ ಕಾಡೋದು ಹೆಚ್ಚಾಗಿ ಇಂಥವೇ. ಬ್ಯಾಸ್ಕೆಟ್‌ಬಾಲ್ ಆಟಗಾರ ಮ್ಯಾಜಿಕ್ ಜಾನ್ಸನ್ 1991ರಲ್ಲಿ ತನಗೆ ಎಚ್‌ಐವಿ ಇದೆ ಅಂದಾಗ ಎಲ್ಲರೂ ಕತೆ ಮುಗೀತು ಅಂದ್ಕೊಂಡಿದ್ರು, ಮೂರು ಔಷಧಿ ಸೇರಿಸಿ ಕೊಡೋ ಚಿಕಿತ್ಸೆ ಬಂದಿದ್ದೇ 1996ರ ಹೊತ್ತಿಗೆ, ಅವರು 60 ದಾಟಿ ಓಡಾಡ್ಕೊಂಡಿದಾರೆ.

ಯಾರಿಗೆ ಹೇಳ್ಬೇಕು ಅನ್ನೋದು ನಿಮಗೆ ಬಿಟ್ಟಿದ್ದು, ಮೊದಲ ವಾರದಲ್ಲೇ ಎಲ್ಲರಿಗೂ ಹೇಳ್ಬೇಡಿ, ಒಂದು ಸಲ ಹೇಳಿದ್ದನ್ನ ವಾಪಸ್ ತಗೊಳೋಕಾಗಲ್ಲ. ಸಂಗಾತಿಗೆ ಮಾತ್ರ ಹೇಳ್ಬೇಕು, ಅವರ ಟೆಸ್ಟೂ ಆಗ್ಬೇಕು, ಒಬ್ಬರೇ ಹೇಳೋಕೆ ಧೈರ್ಯ ಸಾಲದಿದ್ರೆ ಕೌನ್ಸೆಲರ್ ಎದುರಿಗೆ ಕೂತು ಹೇಳ್ಬಹುದು, ಹೊಡೀತಾರೆ ಅನ್ನೋ ಭಯ ಇದ್ರೆ ಅದನ್ನೂ ಕೌನ್ಸೆಲರಿಗೆ ಮೊದ್ಲೇ ತಿಳಿಸಿ. ಬೇರೆ ಊರಿಗೆ ಹೋಗೋದಿದ್ರೆ ಮಾತ್ರೆ ಮುಗಿಯೋಕೆ ಎರಡು ವಾರ ಮುಂಚೆನೇ ಟ್ರಾನ್ಸ್‌ಫರ್ ಪತ್ರ, ಕೊನೇ ವೈರಲ್ ಲೋಡ್ ರಿಪೋರ್ಟು, ಈಗಿನ ಮಾತ್ರೆ ಹೆಸರು ಇರೋ ಚೀಟಿ ಮೂರನ್ನೂ ಫೋಟೋ ತೆಗೆದಿಟ್ಕೊಳ್ಳಿ, ಹೊಸ ಕಡೆ ಮೊದಲ ಸಲ ಹೋದಾಗ ಕೇಳೋದು ಇವನ್ನೇ.